ಚಪ್ಪಡಿಗೆ ಕೈ ಎತ್ತಿದವರು

ಕ್ಷೌರದಂಗಡಿಯ ಮುಂದಿನ ಚರಂಡಿಯ ಚಪ್ಪಡಿ ಮುರಿದು ಒಂದೂವರೆ ತಿಂಗಳಾಗಿತ್ತು. ಅಂಗಡಿಯವನನ್ನು ಬೀದಿಯವರೆಲ್ಲ ರೇಡಿಯೊ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅಷ್ಟು ದಿನವೂ ಅವನು ಬಂದವರ ತಲೆ ಹಿಡಿದುಕೊಂಡು ನಗರಸಭೆಯನ್ನು ಬೈದದ್ದೇ ಬೈದದ್ದು. ಮೊನ್ನೆ ಅಂಚೆಯವರು ಗಡ್ಡ ಬೋಳಿಸಿಕೊಂಡು, ನುಣ್ಣನೆಯ ಕೆನ್ನೆ ಸವರುತ್ತ ಹೊರಗೆ ಕಾಲಿಟ್ಟವರು ಸೀದಾ ಚರಂಡಿಗೇ ಇಳಿದರು. ಎದ್ದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತು, "ಇನ್ನೊಂದ್ಸಲ ಮುಖ ತೊಳಿಯಪ್ಪ" ಎಂದರು.

ಬರೀ ನಗುವ ಮಾತಾಗಿದ್ದರೆ ಸರಿ. ಅಂಗಡಿಯ ಮೇಲಿನ ಮನೆಯಲ್ಲಿ ಅವನ ತಾಯಿ ಇದ್ದಳು. ಕಣ್ಣು ಮಂಜು. ಬೀಳುವ ಭಯಕ್ಕೆ ಆಕೆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಳು.

ಎದುರುಗಡೆ ಬಟ್ಟೆ ಹೊಲಿಯುತ್ತಿದ್ದ ಅಕ್ಕ ಒಂದು ಬೆಳಿಗ್ಗೆ ಬಂದು, "ಲೋ, ಶನಿವಾರ ವಾರ್ಡ್ ಸಭೆಯಂತೆ. ನೋಟಿಸ್ ಅಂಟಿಸಿದಾರೆ. ಹೋಗೋಣ ಬಾ" ಎಂದಳು.

"ನಮ್ಮಂಥವ್ರ ಮಾತು ಯಾರಕ್ಕ ಕೇಳ್ತಾರೆ? ಅವ್ರು ಕಿವಿಗೆ ಹತ್ತಿ ಇಟ್ಕೊಂಡಿರ್ತಾರೆ."

"ನೀನು ಹೇಳೋದೆಲ್ಲ ಸೋಪು ಹಚ್ಕೊಂಡು ಕೂತಿರೋರಿಗೆ. ಪಾಪ, ಅವ್ರು ಬಾಯಿ ಬಿಡೋ ಹಾಗೂ ಇಲ್ಲ. ಚಪ್ಪಡಿ ಹಾಕ್ಸೋರಿಗೆ ಒಂದಿನಾನಾದ್ರೂ ಹೇಳಿದೀಯಾ?"

ರೇಡಿಯೊ ಆಫ್ ಆಯಿತು.

ಅಕ್ಕ ಕೂತು ಅರ್ಜಿ ಬರೆದಳು. ಯಾವ ಬೀದಿ, ಚಪ್ಪಡಿ ಮುರಿದದ್ದು ಯಾವಾಗ, ಬಿದ್ದವರು ಎಷ್ಟು ಜನ. ಅಷ್ಟೇ.

"ಉಪ್ಪು ಖಾರ ಏನೂ ಇಲ್ವಲ್ಲಕ್ಕ! ಎರಡು ಬೈಗುಳನಾದ್ರೂ ಹಾಕು."

"ಬೈಗುಳಕ್ಕೆ ಚಪ್ಪಡಿ ಬರಲ್ಲ ಕಣೋ. ಸಹಿ ಹಾಕ್ಸು."

ಅವನು ಒಂದು ಕೆನ್ನೆ ಬೋಳಿಸಿ ಕತ್ತಿ ಕೆಳಗಿಡುತ್ತಿದ್ದ. ಅರ್ಜಿಯನ್ನು ಗಟ್ಟಿಯಾಗಿ ಓದಿ, "ಸರಿ ಅನ್ಸಿದ್ರೆ ಸಹಿ ಹಾಕಿ ಸ್ವಾಮಿ. ಇನ್ನೊಂದು ಕೆನ್ನೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದ. ಶುಕ್ರವಾರದ ಹೊತ್ತಿಗೆ ಅರವತ್ತೆರಡು ಸಹಿ ಬಿತ್ತು.

ಸಭೆಯಲ್ಲಿ ಕುರ್ಚಿ ನಲವತ್ತು, ಕೂತವರು ಒಂಬತ್ತು. ವಾರ್ಡಿನ ಸದಸ್ಯೆ ಕೆಲಸದ ಪಟ್ಟಿ ಓದಿದರು. ಮೊದಲನೆಯದೇ ಪಕ್ಕದ ಬೀದಿಯ ಪಾರ್ಕಿಗೆ ಕಾರಂಜಿ.

"ಕಾರಂಜಿ ಯಾರಿಗೆ ಬೇಕಾಗಿತ್ತಂತೆ?" ಎಂದು ರೇಡಿಯೊ ಪಿಸುಗುಟ್ಟಿದ. ಅವನ ಪಿಸುಮಾತು ಬಾಗಿಲವರೆಗೂ ಕೇಳಿಸಿತು.

"ಹೋದ ಸಭೆಗೆ ಬಂದಿದ್ದೇ ನಾಲ್ಕು ಜನ. ನಾಲ್ವರೂ ಕಾರಂಜಿ ಕೇಳಿದ್ರು. ನೀವು ಬಂದಿದ್ರಾ?" ಎಂದು ಸದಸ್ಯೆ ಕೇಳಿದರು.

ರೇಡಿಯೊ ಎದ್ದು ನಿಂತ. "ಚರಂಡಿ... ನಮಸ್ಕಾರ" ಎಂದು ಕೂತುಬಿಟ್ಟ. ಅಕ್ಕ ತೊಡೆ ಚಿವುಟಿದಳು. ಮತ್ತೆ ಎದ್ದ.

"ಚಪ್ಪಡಿ ಮುರಿದಾಗ್ನಿಂದ ನಮ್ಮಮ್ಮ ಮನೆಯಿಂದ ಕೆಳಗೆ ಇಳಿದಿಲ್ಲ ಮೇಡಂ."

ಅರ್ಜಿ ಕೊಟ್ಟ. ಯಾರೂ ನಗಲಿಲ್ಲ. ಸದಸ್ಯೆ ಹಾಳೆ ತಿರುವಿದರು. ಅಲ್ಲಲ್ಲಿ ಸೋಪಿನ ನೊರೆ ಒಣಗಿ ಅಂಟಿತ್ತು.

"ಚಪ್ಪಡಿ ಮೊದಲಾಗ್ಲಿ ಅನ್ನೋರು ಕೈ ಎತ್ತಿ."

ಒಂಬತ್ತು ಕೈ ಎದ್ದವು. ಹೋದ ಸಲ ಕಾರಂಜಿ ಕೇಳಿದ್ದ ಹಿರಿಯರೊಬ್ಬರೂ ಎತ್ತಿದರು. "ನಾನೂ ಅಲ್ಲಿ ಬಿದ್ದೋನೇ. ಮರ್ಯಾದೆಗಂಜಿ ಹೇಳಿರ್ಲಿಲ್ಲ" ಎಂದರು. ಗುಮಾಸ್ತ ನಿರ್ಣಯವನ್ನು ಪುಸ್ತಕದಲ್ಲಿ ಬರೆದುಕೊಂಡ. ಅಕ್ಕ ಅರ್ಜಿ ತಲುಪಿದ್ದಕ್ಕೆ ಚೀಟಿ ಕೇಳಿ ಪಡೆದಳು.

ಎರಡು ವಾರ ಯಾರೂ ಬರಲಿಲ್ಲ. "ನಾನು ಆವತ್ತೇ ಹೇಳ್ಲಿಲ್ವಾ?" ಎಂದು ರೇಡಿಯೊ ಶುರು ಮಾಡಿದ. ಅಕ್ಕ ಚೀಟಿಯನ್ನು ಅವನ ಕೈಗಿಟ್ಟು ನಗರಸಭೆಗೆ ಅಟ್ಟಿದಳು. ಎರಡು ಸಲ ಅಲೆದ. ಮೂರನೆಯ ವಾರ ಕೆಲಸದವರು ಬಂದು ಹೊಸ ಚಪ್ಪಡಿ ಕೂರಿಸಿದರು.

ತಾಯಿ ಮಗನ ಕೈ ಹಿಡಿದು ಇಳಿದು ಬಂದಳು. ಚಪ್ಪಡಿಯ ಮೇಲೆ ನಿಂತು ಎರಡು ಸಲ ಕಾಲು ಕುಟ್ಟಿ ನೋಡಿದಳು.

"ಗಟ್ಟಿ ಇದೆ. ಅಲ್ವೋ, ಆ ಮೂಲೆ ದೀಪ ಹತ್ತಲ್ಲ ಅಂತಾರಲ್ಲ, ಮುಂದಿನ ಸಭೆ ಯಾವತ್ತು? ನಾನೇ ಬರ್ತೀನಿ. ನಿಂಗೆ ಸಭೇಲಿ ಮಾತಾಡೋಕೆ ಬರಲ್ವಂತೆ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ವಾರ್ಡಿನ ಸಭೆ ಯಾವತ್ತು? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿಕೊಳ್ಳಿ. ಬೇಕಾದ್ದನ್ನು ಬರೆದು ಕೊಡಿ, ಚೀಟಿ ಪಡೆಯಿರಿ, ಕೆಲಸ ಆಗುವ ತನಕ ವಿಚಾರಿಸಿ. ಮಾತಾಡಲು ನಾಚಿಕೆಯೇ? ಬಂದು ಕೂತು ಕೈ ಎತ್ತಿದರೂ ಸಾಕು. ನೀವು ಹೋಗದಿದ್ದರೂ ಸಭೆಯಂತೂ ನಡೆಯುತ್ತದೆ. ಆಮೇಲೆ ಕಾರಂಜಿ ನೋಡಿಕೊಂಡು ಚರಂಡಿಗೆ ಬೀಳಬೇಡಿ!