ಇಪ್ಪತ್ತೊಂದು ಮಿಡಿ

ಒಂದಕ್ಕೆ ನಾಲ್ಕು ರೂಪಾಯಿ, ನೂರಕ್ಕೆ ನಾನೂರು, ಸಾವಿರ ಬೇಕೆಂದರೆ ನಾಲ್ಕು ಸಾವಿರ, ಹೊಳೆದಂಡೆಯ ಮರದ ಎಳೆಮಾವು, ಅಪ್ಪೆಮಿಡಿ, ತೀರ್ಥಹಳ್ಳಿ ಬಳಿಯ ಮೇಳಿಗೆಯ ಈ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಕೆರಿಯಪ್ಪ ಐದೈದು ಎಣಿಸಿ ಬುಟ್ಟಿಗೆ ಹಾಕುತ್ತಿದ್ದಾನೆ, ಚಿಕ್ಕಮ್ಮ ಸೀತಮ್ಮ ಬಿಡುವವಳೇ, ನಾಲ್ಕಾ, ಎಂತ ಬಂಗಾರದ್ದಾ ಮಾರಾಯಾ, ನೀವೊಂದ್ಸಲ ಮರ ಹತ್ತಿ ನೋಡಿ ಅಮ್ಮಾ, ಆಮೇಲೆ ನೀವೇ ರೇಟು ಹೇಳಿ, ಇಬ್ಬರೂ ನಗುತ್ತಾರೆ, ಜರ್ಮನಿಯಿಂದ ರಜೆಗೆ ಬಂದ ವನಮಾಲಾಳಿಗೆ ನಗು ಬರುವುದಿಲ್ಲ, ಅವಳ ತಲೆಯಲ್ಲಿ ಬೇರೆಯೇ ಎಣಿಕೆ, ಇವತ್ತು ಹತ್ತೊಂಬತ್ತನೆಯ ದಿನ, ಹೆಲ್ಗಾ ಇವತ್ತು ಉಪ್ಪಿನಕಾಯಿ ಬಾಟಲಿಯ ಹತ್ತೊಂಬತ್ತನೆಯ ಮಿಡಿ ತಿನ್ನುತ್ತಾಳೆ — ಜರ್ಮನಿಯ ಆ ಊರಿನಲ್ಲಿ, ಇವಳ ಮನೆಯ ಕೆಳಗಿನ ಮನೆಯ ಕಿಟಕಿಯ ಬಳಿ ಕೂತು, ಎಂಬತ್ತನಾಲ್ಕರ ಮುದುಕಿ. ಮೊದಲ ಸಲ ಕೊಟ್ಟಾಗ ಚಾಕುವಿನಿಂದ ತೊಟ್ಟು ಕತ್ತರಿಸಿ ತಟ್ಟೆಯ ಅಂಚಿಗಿಟ್ಟಿದ್ದಳು, ಅಯ್ಯೋ ಬೇಡ, ಪರಿಮಳ ಇರುವುದೇ ಅಲ್ಲಿ, ತೊಟ್ಟು ಹಿಡಿದು ಕಚ್ಚಬೇಕು ಎಂದು ಇವಳು ತೋರಿಸಿಕೊಟ್ಟಳು, ಅಂದಿನಿಂದ ಹಾಗೆಯೇ, ಬೆಣ್ಣೆ ಸವರಿದ ಬ್ರೆಡ್ಡು ಒಂದು ಕೈಯಲ್ಲಿ, ಎರಡು ಬೆರಳಿನ ನಡುವೆ ತೊಟ್ಟು, ಖಾರಕ್ಕೆ ಕಣ್ಣಲ್ಲಿ ನೀರು, ಮತ್ತೆ ನಗು.

ಬಿದ್ದಿದ್ದು ಬೆರೆಸ್ಬೇಡ ಕೆರಿಯಪ್ಪಾ, ಒಂದು ಬಿದ್ದ ಮಿಡಿ ಸಾಕು, ಭರಣಿಯೆಲ್ಲ ಕೊಳೆಸುತ್ತೆ, ಎಂದು ಚಿಕ್ಕಮ್ಮ, ಹಾಗೇ ಇವಳತ್ತ ತಿರುಗಿ, ಊರು ನೆನೆಸ್ಕೊಂಡು ನೆನೆಸ್ಕೊಂಡು ಒಣಗಿ ಹೋಗಿದ್ಯಲ್ಲೇ, ನಿನ್ನ ಗಂಡ ಕೆಲಸ ಹುಡುಕ್ತಿರೋ ಆ ಕೆನಡಾನೂ ಬೇಡ ಎಂತದೂ ಬೇಡ, ಉಮಾಪತಿಗೆ ಊರಿಗೇ ಬಂದ್ಬಿಡು ಅನ್ನು, ತೀರ್ಥಹಳ್ಳಿಯಲ್ಲಿ ನರ್ಸ್ ಕೆಲಸ ನಿಂಗೆ ಸಿಗೋದಿಲ್ವಾ — ಹೇಗೆ ಹೇಳುವುದು, ಚಿಕ್ಕಮ್ಮಾ, ನನಗೆ ನೆನಪಾಗುವುದು ಜರ್ಮನಿಯ ಆ ಊರು ಎಂದು, ಹುಟ್ಟಿದೂರಿನಲ್ಲಿ ಕೂತು ಪರದೇಶಕ್ಕೆ ಹಂಬಲಿಸುವುದು, ಅದೂ ದಿನದಿನಕ್ಕೆ ಸೊರಗುತ್ತಿರುವ ಊರಿಗೆ, ಮೊದಲು ಬೇಕರಿ ಮುಚ್ಚಿತು, ಹತ್ತು ನಿಮಿಷಕ್ಕೊಂದು ಬರುತ್ತಿದ್ದ ಬಸ್ಸು ಗಂಟೆಗೊಂದಾಯಿತು, ಬೀದಿದೀಪ ಒಂದು ಬಿಟ್ಟು ಒಂದು, ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಟಾರ್ಪಾಲು ಹೊದಿಸಿದರು, ಉಮಾಪತಿ ಕೆಲಸ ಮಾಡುತ್ತಿದ್ದ ಲೇತಿಗೂ. ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಖರ್ಚು ದುಪ್ಪಟ್ಟಾದಾಗ ಹೆಲ್ಗಾ ಒಂದೇ ಕೋಣೆಗೆ ಬಂದಳು, ಸಂಜೆ ವೃದ್ಧಾಶ್ರಮದ ಕೆಲಸ ಮುಗಿಸಿ ಇವಳೂ ಅಲ್ಲಿಗೇ, ಎರಡು ಕಂಬಳಿ, ಒಂದು ಹೀಟರು. ಸಿರಿವಂತ ದೇಶದವರೂ ಊರು ಬಿಡುತ್ತಾರೆಂದು ಗೊತ್ತಾದದ್ದು ಅದೇ ಕೋಣೆಯಲ್ಲಿ, ತನ್ನ ಮಗ ಆಸ್ಟ್ರೇಲಿಯಾಕ್ಕೆ ಹೋದ ವಾರ ಹೆಲ್ಗಾ ಕೇಳಿದ್ದಳು, ನೀನು ಬಿಟ್ಟು ಬಂದವಳಲ್ಲವೇ, ನಿಜ ಹೇಳು, ಹೋದವರು ಎಷ್ಟು ದಿನಕ್ಕೆ ಮರೆಯುತ್ತಾರೆ — ಮರೆಯೋದಿಲ್ಲ ಎಂದಿದ್ದಳು ವನಮಾಲಾ, ಹನ್ನೊಂದು ವರ್ಷದಲ್ಲಿ ಎಷ್ಟು ಮರೆತಿದ್ದೇನೆಂದು ಗೊತ್ತಿದ್ದೂ.

ಹೊರಡುವ ದಿನ ಹೆಲ್ಗಾಳ ಕೈಗೆ ಬಾಟಲಿ ಕೊಟ್ಟು, ಇಪ್ಪತ್ತೊಂದು ಇವೆ, ದಿನಕ್ಕೊಂದೇ, ಮುಗಿಯುವ ಹೊತ್ತಿಗೆ ಬರುತ್ತೇನೆ ಎಂದದ್ದೂ ಇವಳೇ. ಫೋನು ಸೆರಗಿನೊಳಗೆ ನಡುಗುತ್ತದೆ, ಉಮಾಪತಿ, ಜರ್ಮನಿಯಿಂದ, ಕೆನಡಾದವರು ಕೆಲಸ ಕೊಡ್ತಾರಂತೆ, ಇವತ್ತೇ ಉತ್ತರ ಕೇಳ್ತಿದಾರೆ ಕಣೆ, ನೀನು ಊರಲ್ಲೇ ಇರು, ವೀಸಾ ಆದ್ಮೇಲೆ ನೇರ ಅಲ್ಲಿಗೇ ಬಾ, ಸಾಮಾನೆಲ್ಲ ನಾನು ಕಟ್ತೀನಿ, ಬರೀ ಸಾಮಾನು ಕಟ್ಟೋದಕ್ಕೆ ನಿಂಗ್ಯಾಕೆ ದಂಡದ ಟಿಕೆಟ್ಟು — ಅವನ ದನಿಯಲ್ಲಿ ಎಷ್ಟು ತಿಂಗಳ ಮೇಲೆ ಹುರುಪು, ಕೆಲಸವಿಲ್ಲದ ನಾಲ್ಕು ತಿಂಗಳಲ್ಲಿ ಒಂದೇ ನಲ್ಲಿಯನ್ನು ಮೂರು ಸಲ ಬಿಚ್ಚಿ ರಿಪೇರಿ ಮಾಡಿದವನು, ಮೂರನೆಯ ಸಲ ಅದು ಸೋರುತ್ತಲೇ ಇರಲಿಲ್ಲ, ಬೇಡ ಎಂದರೆ ಇವನು ಮತ್ತೆ ಆ ನಲ್ಲಿಯ ಮುಂದೆ ಕೂರುತ್ತಾನೆ, ಐವತ್ತು ವರ್ಷದ ಗಂಡಸು, ಹೂಂ ಅನ್ನಿ ಅವರಿಗೆ, ಎಂದಳು. ಆಮೇಲೆ, ಹೆಲ್ಗಾಗೆ? ನೀನೇ ಹೇಳು ಮಾರಾಯ್ತಿ, ನನ್ನ ಕೈಲಾಗಲ್ಲ, ಬೆಳಿಗ್ಗೆ ಕಸ ಹಾಕೋಕೆ ಹೋದಾಗ ಕರೆದು ತೋರಿಸಿದ್ಲು, ತಿಂದ ತೊಟ್ಟೆಲ್ಲ ಕಿಟಕಿ ಹತ್ರ ಸಾಲಾಗಿ ಇಟ್ಟಿದಾಳೆ.

ಸಾವಿರ ಸರಿಯಾಯ್ತು ಅಮ್ಮಾ, ಕೆರಿಯಪ್ಪ ಏಳುತ್ತಾನೆ, ಚಿಕ್ಕಮ್ಮ ಉಪ್ಪು ತರಲು ಒಳಗೆ ಹೋಗುತ್ತಾಳೆ, ವನಮಾಲಾ ಫೋನಿನಲ್ಲಿ ಹೆಲ್ಗಾಳ ಹೆಸರು ತೆರೆದಿದ್ದಾಳೆ, ಬೆರಳು ಅದರ ಮೇಲೆ ಇಳಿಯುವುದಿಲ್ಲ, ಉಮಾಪತಿಗೆ ಕೆಲಸ ಸಿಕ್ಕಿತು, ಹೆಲ್ಗಾಳನ್ನು ಇನ್ನೊಬ್ಬರು ಬಿಟ್ಟು ಹೋದರು, ಆದದ್ದು ಇಷ್ಟೇ, ಕಿಟಕಿಯ ಬಳಿ ಹತ್ತೊಂಬತ್ತು ತೊಟ್ಟು, ಬಾಟಲಿಯ ತಳದಲ್ಲಿ ಎರಡು ಮಿಡಿ, ಎರಡೇ.