ಬೂಟು ಆರುವ ತನಕ

ಓವನ್ನಿನ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಅವಳು ಒಳಗೆ ಇಣುಕಿದಳು. ಟ್ರೇಗೆ ಹಾಸಿದ ಹಳೆಯ ಟವೆಲ್ಲಿನ ಮೇಲೆ ಹೊಸ ಸ್ಕೇಟ್ ಬೂಟುಗಳು ಲೇಸು ಸಡಿಲಿಸಿಕೊಂಡು, ನಾಲಿಗೆ ಚಾಚಿಕೊಂಡು ಮಲಗಿದ್ದವು. ಓವನ್ ಮೊದಲೇ ಕಾಯಿಸಿ ಆರಿಸಿದ್ದಾಗಿತ್ತು. ಒಳಗಿದ್ದದ್ದು ಉಳಿದ ಬಿಸಿ ಮಾತ್ರ.

"ಬೆಂತಾ?" ಊಟದ ಮೇಜಿನಿಂದ ಅತ್ತೆ ಕೇಳಿದರು. "ಉಪ್ಪು ಖಾರ ಹಾಕಿದ್ದೀ ತಾನೇ?"

"ಉಪ್ಪು ಒಂದು ಚಿಟಿಕೆ ಕಮ್ಮಿ ಅನಿಸುತ್ತೆ ಅತ್ತೆ. ನೀವೇ ಬಂದು ರುಚಿ ನೋಡಿ."

"ನನಗಿರೋ ನಾಲ್ಕು ಹಲ್ಲೂ ಹೋಗ್ಲಿ ಅಂತಾನಾ?"

ಅವಳು ಬಟ್ಟೆ ಹಿಡಿದು ಒಂದು ಬೂಟು ಹೊರಗೆ ತೆಗೆದು ಹಿಮ್ಮಡಿಯ ಪಕ್ಕ ಒತ್ತಿದಳು. ಬೆಳಿಗ್ಗೆ ಹಲಗೆಯ ಹಾಗಿದ್ದದ್ದು ಈಗ ಬೆರಳಿಗೆ ಬಗ್ಗಿತು.

ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಐಸ್ ಹಾಕಿ, ಶುರು ಮಾಡಿದಾಗಿನಿಂದಲೂ ಅವಳು ಆಡಿದ್ದು ಮೈದುನ ಬಿಟ್ಟುಕೊಟ್ಟ ಜೋಡಿಯಲ್ಲಿ. ಎರಡೆರಡು ಕಾಲುಚೀಲ, ಬೆರಳ ತುದಿಗೆ ಹತ್ತಿ. ಆ ಬೂಟಿನೊಳಗೆ ಅವನ ಕಾಲಿನ ಗಂಟು ಎಲ್ಲೆಲ್ಲಿತ್ತೋ ಅಲ್ಲಲ್ಲಿ ಗುಳಿ ಬಿದ್ದಿತ್ತು. ಅವಳ ಗಂಟಿಗೆ ಮಾತ್ರ ಜಾಗವಿರಲಿಲ್ಲ. ಪ್ರತಿ ಆಟದ ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುವುದನ್ನು ಅವಳು ಆಟದ ಒಂದು ಭಾಗವೆಂದೇ ತಿಳಿದಿದ್ದಳು. ಹೋದ ವಾರ ಆ ಬೂಟಿನ ಅಡಿಯ ಅಲಗು ಬುಡಸಮೇತ ಕಳಚಿಕೊಂಡಿತು.

"ಇರೋದು ಒಂದು ಆಟ. ಬಾಡಿಗೆಗೆ ತಗೊಂಡ್ರೆ ಆಗಲ್ವಾ?" ಎಂದಿದ್ದ ಗಂಡ.

ಇರುವುದು ಒಂದೇ ಆಟ, ಈ ಭಾನುವಾರದ್ದು, ಎಂಬುದು ಈ ಮನೆಯಲ್ಲಿ ತೀರ್ಮಾನವಾಗಿದ್ದ ಮಾತು. "ಈ ವಯಸ್ಸಲ್ಲಿ ಸಾಕಲ್ವೇನೇ ಇನ್ನು?" ಎಂದು ಅವನು ಕೇಳಿದ್ದ. ತಟ್ಟೆ ಒರೆಸುತ್ತಿದ್ದವಳು "ಸಾಕು" ಎಂದುಬಿಟ್ಟಿದ್ದಳು. ಅಷ್ಟೇ. ತಂಡದ ಅಂಗಿಯನ್ನು ಒಗೆದು, ಮಡಿಸಿ, ಕಾಗದದ ಚೀಲದಲ್ಲಿ ಹಾಕಿ, ಭಾನುವಾರ ಆಟ ಮುಗಿದದ್ದೇ ಹಿಂದಿರುಗಿಸಲೆಂದು ಬಾಗಿಲ ಬಳಿ ಇಟ್ಟದ್ದೂ ಆಗಿತ್ತು.

ಅಂಗಡಿಯವನೂ ಮೊದಲು "ಮಗನ ಅಳತೆ ಎಷ್ಟಮ್ಮಾ?" ಎಂದೇ ಶುರು ಮಾಡಿದ್ದ. "ನನ್ನ ಕಾಲು ಅಳೀರಿ" ಎಂದು ಅವಳು ಚಪ್ಪಲಿ ಬಿಟ್ಟಿದ್ದಳು. ಕಾಲಿನ ಆಕಾರಕ್ಕೆ ಕೂರುವಂತೆ ಅಂಗಡಿಯಲ್ಲೇ ಬಿಸಿ ಮಾಡಿಕೊಡುತ್ತೇನೆಂದ. ಬೇಡ, ಹೇಗೆ ಅಂತ ಹೇಳಿ ಸಾಕು ಎಂದಳು. ಅವನು ಹೇಳಿದ್ದರಲ್ಲಿ ಒಂದನ್ನು ಎರಡು ಸಲ ಹೇಳಿದ: ಬಿಸಿಯಿರುವಾಗ ತೊಟ್ಟು, ಬಿಗಿದು, ಕಾಲು ಗಂಟೆ ಸುಮ್ಮನೆ ಕೂರಬೇಕು. ಬೂಟು ಆರುವ ತನಕ ಏಳಕೂಡದು. ಎದ್ದರೆ ಮೈಭಾರಕ್ಕೆ ಹಿಮ್ಮಡಿ ಅಗಲವಾಗಿ, ಆಕಾರ ಕೆಟ್ಟುಹೋಗುತ್ತದೆ.

ಅವಳು ಇನ್ನೊಂದನ್ನೂ ಹೊರತೆಗೆದು, ಕುರ್ಚಿಯಲ್ಲಿ ಕೂತು, ತೆಳು ಕಾಲುಚೀಲದ ಪಾದಗಳನ್ನು ಒಳಗೆ ತೂರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒದ್ದು ಕೂರಿಸಿದಳು. ಲೇಸನ್ನು ಮೇಲಕ್ಕೆ ಜಗ್ಗದೆ ಪಕ್ಕಕ್ಕೆ ಎಳೆದಳು. ಮೆತ್ತಗಾದ ಬೂಟಿನ ರಂಧ್ರಗಳು ಮೇಲಕ್ಕೆ ಎಳೆದರೆ ಹರಿಯುತ್ತವೆ. ಬಿಸಿ ನಾಲ್ಕೂ ಕಡೆಯಿಂದ ಕಾಲನ್ನು ತಬ್ಬಿಕೊಂಡಿತು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಮೈದುನ.

"ಏನೇ, ಇವನು ಬಂದಿದ್ದಾನೆ. ಚಹಾ ಇಡು," ಗಂಡ ಹಾಲ್‌ನಿಂದ ಕೂಗಿದ.

"ಏಳೋಕಾಗಲ್ಲ ರೀ."

"ಯಾಕೆ, ಕಾಲು ಉಳುಕ್ತಾ?"

"ಇಲ್ಲ. ಕೂತಿದ್ದೀನಿ."

ಈ ಮನೆಯಲ್ಲಿ ಯಾರೂ ಅವಳ ಬಾಯಿಂದ ಕೇಳದಿದ್ದ ಉತ್ತರ ಅದು. ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಎರಡು ನಿಮಿಷದ ಕೆಲಸ. ಎದ್ದು ಇಟ್ಟು, ಆಮೇಲೆ ಕೂತ್ಕೋ."

ತೊಡೆಯ ಸ್ನಾಯುಗಳು ಆಗಲೇ ಏಳಲು ಸಿದ್ಧವಾಗಿದ್ದವು. ಕರೆದರೆ ಏಳುವುದು ಅವಕ್ಕೆ ಉಸಿರಾಟದಷ್ಟು ರೂಢಿ. ಅವಳು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎದ್ದರೆ ಕೆಡುತ್ತೆ. ನೀವೇ ಇಡಿ."

"ಸಕ್ಕರೆ ಎಲ್ಲಿದೆ?"

"ಮದುವೆ ಆದಾಗಿನಿಂದ ಇರೋ ಜಾಗದಲ್ಲೇ."

ಅತ್ತೆ ಕಿಸಕ್ಕೆಂದರು. ಮರುಗಳಿಗೆಯೇ ಮುಖ ಗಂಟು ಹಾಕಿ, "ಗಂಡಸರ ಕೈಲಿ ಒಲೆ ಹಚ್ಚಿಸ್ತೀಯಲ್ಲೇ," ಎಂದರು. ಆದರೆ ಎದ್ದು ಸಹಾಯಕ್ಕೇನೂ ಹೋಗಲಿಲ್ಲ. ಗಂಡ ಮೂರು ಡಬ್ಬಿ ತೆರೆದು ಮುಚ್ಚಿ, ನಾಲ್ಕನೆಯದರಲ್ಲಿ ಸಕ್ಕರೆ ಕಂಡುಕೊಂಡ. ಹಾಲು ಉಕ್ಕಿತು. ಒಲೆಯ ಮೇಲೆ ಸುಟ್ಟ ವಾಸನೆ ಎದ್ದಿತು. ಅವಳ ಹಿಮ್ಮಡಿ ನೆಲದಿಂದ ಕೂದಲೆಳೆಯಷ್ಟು ಮೇಲೆದ್ದಿತು. ಅವಳು ಅದನ್ನು ಮತ್ತೆ ಕೆಳಗೆ ಕೂರಿಸಿದಳು.

ಮೈದುನ ಒಳಗೆ ಬಂದು ಬೂಟು ನೋಡಿ ಸೀಟಿ ಹೊಡೆದ. "ಏನತ್ತಿಗೆ, ಕೊನೇ ಆಟಕ್ಕೆ ಇಷ್ಟು ಶೃಂಗಾರಾನಾ? ನನ್ನ ಹಳೇದು ಏನಾಯ್ತು? ಕಲ್ಲಿನಂಥ ಬೂಟು ಅದು."

"ಹೌದಪ್ಪ, ಕಲ್ಲೇ. ನನ್ನ ಕಾಲಿಗೆ ಗೊತ್ತು."

"ಒಂದು ಸಲವೂ ಹೇಳಲೇ ಇಲ್ಲವಲ್ಲ?"

"ನೀನು ಕೇಳಿದ್ಯಾ?"

ಅವನು ಪೆಚ್ಚಾಗಿ ನಕ್ಕ. ಕುಕ್ಕರುಗಾಲಲ್ಲಿ ಕೂತು, ಬಲ್ಲವನಂತೆ ಬೂಟಿನ ಬಲಬದಿ ತಟ್ಟಿದ. "ಒಳ್ಳೇ ಮಾಲು. ಆದರೆ ಬಿಸಿ ಮಾಡಿದ್ದು ಬರೀ ಶುರು ಅತ್ತಿಗೆ. ಭಾನುವಾರ ಚೆನ್ನಾಗಿ ಕಚ್ಚುತ್ತೆ, ಬೊಬ್ಬೆ ಏಳುತ್ತೆ. ಕಾಲಿಗೆ ಪೂರ್ತಿ ಪಳಗೋಕೆ ಒಂದು ಚಳಿಗಾಲವೇ ಬೇಕು. ಒಂದು ಆಟಕ್ಕೋಸ್ಕರ ಯಾರಾದ್ರೂ..." ಎಂದವನು ತಟ್ಟನೆ ನಿಲ್ಲಿಸಿ ಅವಳ ಮುಖ ನೋಡಿದ.

ಅವಳೂ ಅವನ ಮುಖ ನೋಡಿದಳು. ಹೊಸ ಜೋಡಿ ಯಾಕೆ ಬೇಕು ಎಂದು ಗಂಡ ಕೇಳಿದಾಗ ಉತ್ತರ ಹೊಳೆದಿರಲಿಲ್ಲ. ಅಂಗಡಿಯಲ್ಲಿ ಕಾಲು ಚಾಚಿ ಕೂತಾಗಲೂ ಹೊಳೆದಿರಲಿಲ್ಲ.

"ಯಾರಾದ್ರೂ ಏನು?" ಗಂಡ ಲೋಟ ಹಿಡಿದು ಬಂದ.

"ಏನಿಲ್ಲ," ಎಂದಳು ಅವಳು. "ಚಹಾ ಕೊಡಿ. ಆರುತ್ತೆ."

ಚಹಾ ಪಾನಕದಷ್ಟು ಸಿಹಿಯಾಗಿತ್ತು. ಅವಳು ಕೂತಲ್ಲೇ ಪೂರ್ತಿ ಕುಡಿದಳು.

ಅಣ್ಣತಮ್ಮಂದಿರು ಹಾಲ್‌ಗೆ ಹೋದ ಮೇಲೆ ಬೂಟನ್ನು ಮುಟ್ಟಿ ನೋಡಿದಳು. ತಣ್ಣಗೆ, ಗಟ್ಟಿಯಾಗಿತ್ತು. ಲೇಸನ್ನು ಕೆಳಗಿನ ತನಕ ಸಡಿಲಿಸಿ ಮೆಲ್ಲಗೆ ಕಾಲು ಹೊರತೆಗೆದಳು. ಒಳಗೆ ಬೆರಳಾಡಿಸಿದಾಗ, ಅವಳ ಕಾಲಿನ ಗಂಟು ಕೂರುವ ಕಡೆಯೇ ಒಂದು ಸಣ್ಣ ತಗ್ಗು ಸಿಕ್ಕಿತು.

"ನಾಳೆ ತನಕ ಇದನ್ನ ಯಾರೂ ಮುಟ್ಟಬಾರದು ಅತ್ತೆ," ಎಂದು ಜೋಡಿಯನ್ನು ಕಿಟಕಿಯ ಕೆಳಗಿಟ್ಟಳು.

"ನಮಗೇನು ಹುಚ್ಚಾ?" ಎಂದ ಅತ್ತೆ, ಮೇಜಿನಡಿ ತಮ್ಮ ಒಂದು ಪಾದದಿಂದ ಇನ್ನೊಂದರ ಹೆಬ್ಬೆರಳ ಗಂಟನ್ನು ತೀಡಿಕೊಳ್ಳುತ್ತಿದ್ದರು.

ಹಾಲ್‌ನಲ್ಲಿ ಟೀವಿ ಜೋರಾಗಿತ್ತು. ಅವಳು ಬರಿಗಾಲಲ್ಲಿ ಬಾಗಿಲ ಬಳಿ ಹೋಗಿ ಕಾಗದದ ಚೀಲ ತೆರೆದು, ಅಂಗಿ ತೆಗೆದು, ಮಡಿಕೆಗಳು ಬಿಡುವ ಹಾಗೆ ಒಮ್ಮೆ ಕೊಡವಿದಳು. ಮಳೆಯಂಗಿಗಳ ನಡುವೆ ಒಂದು ಮೊಳೆ ಖಾಲಿಯಿತ್ತು. ಅಂಗಿಯನ್ನು ಅದಕ್ಕೆ ನೇತುಹಾಕಿ, ಖಾಲಿ ಚೀಲವನ್ನು ನಾಲ್ಕಾಗಿ ಮಡಿಸಿ, ಹಳೆಯ ಕಾಗದದ ಚೀಲಗಳಿದ್ದ ಡ್ರಾಯರಿಗೆ ಸೇರಿಸಿದಳು.