ಪರಮೇಶ್ವರರ ಇಪ್ಪತ್ತು ವರ್ಷ

ನನ್ನ ಗಂಡ ಪರಮೇಶ್ವರರು ಎದುರಿಗೆ ಸಿಕ್ಕಿದ ಯಾರನ್ನೂ ಬೈದವರಲ್ಲ. ಪೇಪರಿನಲ್ಲಿ ಸಿಕ್ಕಿದವರನ್ನು ಮಾತ್ರ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಅಫೀಮಿನಂಥ ಮಾತ್ರೆಗಳನ್ನು ಸಾಗಿಸುವವರಿಗೆ ಕನಿಷ್ಠ ಹತ್ತು ವರ್ಷ ಜೈಲು ಎಂಬ ಮಸೂದೆ ಬರಲಿದೆ, ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು ಎಂದು ಓದಿದ ದಿನದಿಂದ ಕೆದಂಬಾಡಿಯ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ.

"ಹತ್ತು ವರ್ಷ ಎಂತಕ್ಕೆ ಸಾಕು ಶಂಕರಿ? ಇಪ್ಪತ್ತು ಬೇಕು! ಜಡ್ಜರು ಒಂದು ದಿನ ಕೂಡ ಕಡಿಮೆ ಮಾಡ್ಲಿಕ್ಕಿಲ್ಲ, ಯಾರ ಮಾತೂ ಕೇಳ್ಲಿಕ್ಕಿಲ್ಲ!"

ಮೂರು ದಿನ ಕೂತು ಅಭಿಪ್ರಾಯ ಬರೆದರು. ಪುಕ್ಕಟೆ ಕೊಟ್ಟರೂ ಅದು ಸಾಗಾಟವೇ ಎಂದು ಸೇರಿಸಿದರು. ಎಷ್ಟು ಜನಕ್ಕೆ ಕೊಟ್ಟರೋ ಅಷ್ಟು ಶಿಕ್ಷೆ, ಒಂದು ಮುಗಿದ ಮೇಲೆ ಇನ್ನೊಂದು ಎಂದೂ ಸೇರಿಸಿದರು. ಬರೆಯುವಾಗ ಅವರ ಮುಖದಲ್ಲಿ ಎಂಥ ಕಳೆ! ಮದುವೆಯ ದಿನವೂ ನಾನು ಅದನ್ನು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಅದನ್ನು ತಿದ್ದಿಕೊಡಲು ನನ್ನ ಅಕ್ಕನ ಮಗಳು ರಮ್ಯಶ್ರೀ ಪುತ್ತೂರಿನಿಂದ ಸ್ಕೂಟರಿನಲ್ಲಿ ಬಂದಳು. ಅವಳು ವಕೀಲೆ. ಯಾರೇ ಬರಲಿ, ಮೊದಲು ಎಲೆಯಡಿಕೆಯ ಹರಿವಾಣ ಮುಂದಿಡುವುದು ನಮ್ಮಲ್ಲಿ ಕ್ರಮ. ನಮ್ಮ ಹರಿವಾಣದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಮಾತ್ರೆಯ ಹಾಳೆಯೂ ಇರುತ್ತದೆ. ಇವರ ಸೊಂಟದ ಆಪರೇಷನ್ ಆದಾಗ ಡಾಕ್ಟರು ಬರೆದದ್ದು. ಹಳೇ ಚೀಟಿಯಲ್ಲೇ ಇನ್ನೂ ತರಿಸುತ್ತಾರೆ. ಅಡಿಕೆ ಸುಲಿಯುವವರು ಸೊಂಟ ಹಿಡಿದುಕೊಂಡು ಎದ್ದರೆ ಸಾಕು, ಹರಿವಾಣ ಅವರೆದುರು ಹಾಜರು. ಉಪಚಾರದಲ್ಲಿ ನನ್ನ ಗಂಡನನ್ನು ಮೀರಿಸುವವರಿಲ್ಲ.

"ಸ್ಕೂಟರಿನಲ್ಲಿ ಸೊಂಟ ಹೋಯ್ತು ಚಿಕ್ಕಪ್ಪ" ಎಂದಳು ರಮ್ಯಶ್ರೀ.

"ಇಕೋ, ಇದೊಂದು ನುಂಗು."

ಅವಳು ಹಾಳೆಯನ್ನು ತಿರುಗಿಸಿ ಓದಿದಳು. ಇವರು ಬರೆದದ್ದನ್ನು ಓದಿದಳು. ಮತ್ತೆ ಹಾಳೆ ಓದಿದಳು.

"ಚಿಕ್ಕಪ್ಪ, ಟ್ರಮಡಾಲ್. ನೀವು ಬರ್ದದ್ದು ಇದೇ ಜಾತಿಯ ಮಾತ್ರೆಯ ಬಗ್ಗೆ. ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

ಇವರು ಬೆರಳು ಮಡಚಿದರು. ಎರಡೂ ಕೈಯ ಬೆರಳು ಮುಗಿದ ಮೇಲೆ ನನ್ನ ಕೈ ನೋಡಿದರು.

"ಹನ್ನೊಂದು."

"ನಿಮ್ಮ ಲೆಕ್ಕದಲ್ಲಿ ಇನ್ನೂರ ಇಪ್ಪತ್ತು ವರ್ಷ."

"ಎಲ್ಲ ಒಟ್ಟಿಗೆ ಕೂತು ಮುಗಿಸ್ಲಿಕ್ಕೆ ಆಗುದಿಲ್ವಾ ಮಾರಾಯ್ತಿ?"

"ಒಂದು ಮುಗಿದ ಮೇಲೆ ಇನ್ನೊಂದು. ನಿಮ್ಮದೇ ಅಕ್ಷರ."

ನಾನು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇವರು ಮಾತ್ರ ಗಂಭೀರವಾಗಿ ಪೆನ್ನು ತೆಗೆದು, 'ಅಡಿಕೆ ಸುಲಿಯುವ ಕಾಲ ಹೊರತುಪಡಿಸಿ' ಎಂದು ಸೇರಿಸಲು ಹೊರಟರು.

ಅಷ್ಟರಲ್ಲಿ ನಮ್ಮಲ್ಲಿ ಅಡಿಕೆ ಸುಲಿಯುವ ಸೀತು ಅಂಗಳಕ್ಕೆ ಬಂದಳು. ಭಾನುವಾರ ಅವಳಿಗೆ ಕೆಲಸವಿಲ್ಲ.

"ಧನಿಗಳೇ, ಒಂದು ಮಾತ್ರೆ ಕೊಡಿ. ನಿನ್ನೆ ತಿನ್ನದ್ದಕ್ಕೆ ಮೈಯೆಲ್ಲ ನಡುಗುದು, ನಿದ್ರೆಯೇ ಇಲ್ಲ."

"ಸೊಂಟ ನೋವಾ?"

"ಸೊಂಟ ಯಾವಾಗಲೋ ಸರಿ ಆಗಿದೆ. ಈಗ ಅದಿಲ್ಲದೆ ಆಗುದಿಲ್ಲ."

ನನ್ನ ನಗು ನಿಂತುಹೋಯಿತು. ರಮ್ಯಶ್ರೀ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸೀತುವಿಗೆ ತನ್ನ ನಡುಕಕ್ಕಿಂತ ಇವರ ಜೈಲೇ ದೊಡ್ಡದಾಯಿತು.

"ಧನಿಗಳನ್ನು ಜೈಲಿಗೆ ಹಾಕುದಾ? ನಾನು ಹೋಗಿ ಜಡ್ಜರತ್ರ ಹೇಳ್ತೇನೆ, ಪಾಪ, ಒಳ್ಳೆ ಮನಸ್ಸಿನಲ್ಲಿ ಕೊಟ್ಟದ್ದು ಅಂತ."

"ಜಡ್ಜರು ಕೇಳ್ಲಿಕ್ಕಿಲ್ಲ ಅಂತ ಇವರು ಬರ್ದಿದ್ದಾರೆ" ಎಂದಳು ರಮ್ಯಶ್ರೀ.

ಇವರು ಕಾಗದ ಎಳೆದುಕೊಂಡು ಆ ಸಾಲಿಗೆ ಅಡ್ಡಗೆರೆ ಹಾಕಿದರು. "ನನಗೋಸ್ಕರ ಅಲ್ಲ ಸೀತು. ನೀನು ಹೇಳಿದ್ದನ್ನು ಯಾರಾದರೂ ಕೇಳ್ಬೇಕಲ್ಲ" ಎಂದರು. ಆಮೇಲೆ ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಡಾಕ್ಟರಲ್ಲಿಗೆ ಹೊರಟರು.

ನಾನೂ ಹಿಂದೆ ಹತ್ತಿ ಕೂತೆ. ಇಷ್ಟು ದಿನ ಅವಳಿಗೆ ಮಾತ್ರೆ ನುಂಗಲು ನೀರು ತಂದುಕೊಟ್ಟವಳು ನಾನೇ.